ಗೇಟಿನಲ್ಲಿ ಹೇಳುವ ಮಾತು

ಕಾರ್ಖಾನೆಯ ಸೆಕ್ಯುರಿಟಿ ಮ್ಯಾನೇಜರ್ ಎಂದರೆ ಹೊರಗಿನವರಿಗೆ ಥಟ್ಟನೆ ಕಳ್ಳರು ನೆನಪಾಗುತ್ತಾರೆ. ತಾಮ್ರದ ತಂತಿಯನ್ನು ಸೊಂಟಕ್ಕೆ ಸುತ್ತಿಕೊಂಡು ಹೊರಡುವವನು, ಊಟದ ಡಬ್ಬಿಯಲ್ಲಿ ಬೇರಿಂಗ್ ಇಟ್ಟುಕೊಂಡು ಮೇಲೆ ಚಿತ್ರಾನ್ನ ಮುಚ್ಚುವವನು, ಇಂಥವರು. ಅವರೂ ನಮ್ಮಲ್ಲಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮೂರಿನ ಉಕ್ಕಿನ ಕಾರ್ಖಾನೆಯಲ್ಲಿ ಆ ಕುರ್ಚಿಗೆ ಬೆಲೆ ಬಂದದ್ದು ಬೇರೆಯದೇ ಕಾರಣಕ್ಕೆ. ನಮ್ಮಲ್ಲಿ ಕೆಲಸಗಾರರು ಸತ್ತರೆ ಮರುದಿನ ತಮ್ಮ ಪಾಳಿಗೆ ಬರುತ್ತಾರೆ. ಮನೆಯವರು ಹೆಣ ಸುಟ್ಟು, ಸ್ನಾನ ಮಾಡಿ, ಒಲೆ ಹಚ್ಚದೆ ಕೂತಿರುತ್ತಾರೆ. ಇತ್ತ ಅವರು ಯೂನಿಫಾರ್ಮ್ ಹಾಕಿಕೊಂಡು ಗೇಟಿನ ಸಾಲಿನಲ್ಲಿ ನಿಂತಿರುತ್ತಾರೆ. ಮನೆಗೆ ಹೋಗುವುದಿಲ್ಲ, ಯಾರನ್ನೂ ಹೆದರಿಸುವುದಿಲ್ಲ, ಕೆಲಸಕ್ಕೆ ಬರುತ್ತಾರೆ ಅಷ್ಟೆ. ತಾವು ಸತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ. ಅದನ್ನು ಹೇಳಬೇಕಾದವರು ಸೆಕ್ಯುರಿಟಿ ಮ್ಯಾನೇಜರ್.

ನಾನು ಇಂಡಸ್ಟ್ರಿಯಲ್ ಸೆಕ್ಯುರಿಟಿ ಡಿಪ್ಲೊಮಾ ಮುಗಿಸಿ, ಹೆಂಗಸರ ಸಾಲಿನ ತಪಾಸಣೆಗೆಂದು ಸೇರಿದವಳು. ಹೆಸರು ವೇದಾವತಿ. ಸೇರಿದ ವಾರದಲ್ಲೇ ಈ ಕುರ್ಚಿ ಒಂದಲ್ಲ ಒಂದು ದಿನ ನನ್ನದು ಅಂತ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಬೆಂಕಿಯ ಡ್ರಿಲ್ಲು, ಲಾರಿಯ ತಪಾಸಣೆ, ಕಾಂಪೌಂಡಿನ ಗಸ್ತು, ಎಲ್ಲವೂ ನನಗೆ ಹಬ್ಬ. ಆದರೆ ನಾನು ಬಾಯಿಬಿಟ್ಟು ನೋಡುತ್ತ ನಿಲ್ಲುತ್ತಿದ್ದದ್ದು ನಮ್ಮ ಮ್ಯಾನೇಜರ್ ಕರಿಬಸಪ್ಪ ಸರ್ ಗೇಟಿನಲ್ಲಿ ನಿಂತಾಗ. ಲಾರಿಗಳ ಅಡಿಭಾಗ ನೋಡಲು ಉದ್ದನೆ ಕೋಲಿಗೆ ಸಿಕ್ಕಿಸಿದ ದುಂಡು ಕನ್ನಡಿ ಇರುತ್ತದಲ್ಲ, ಅದನ್ನೇ ಒಬ್ಬೊಬ್ಬರ ಮೂಗಿನ ಮುಂದೆ ಹಿಡಿಯುತ್ತಿದ್ದರು. ಉಸಿರು ಬಿಟ್ಟರೆ ಮಂಜು ಕಟ್ಟಬೇಕು. ಕಟ್ಟಿದರೆ ಒಳಗೆ. ಕಟ್ಟದಿದ್ದರೆ ಆ ಮಾತು. ಕನ್ನಡಿ ತಣ್ಣಗಿದ್ದರೆ ಮಾತ್ರ ಮಂಜು ಕಟ್ಟುತ್ತದೆ ಅಂತ ಅದನ್ನು ಗಾರ್ಡ್ ರೂಮಿನ ನೀರಿನ ಮಡಕೆಯ ಮೇಲೆ ಒದ್ದೆ ಬಟ್ಟೆ ಹಾಸಿ ಇಟ್ಟಿರುತ್ತಿದ್ದರು.

ನಾನು ಮೊದಲ ಸಲ ನೋಡಿದ್ದು ಕ್ಯಾಂಟೀನಿನ ಚನ್ನಬಸಮ್ಮನನ್ನು ಕಳಿಸಿದ್ದು. ಹಿಂದಿನ ದಿನ ಸಾಂಬಾರಿನ ಹಂಡೆಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಮರುದಿನ ಸೆರಗು ಸಿಕ್ಕಿಸಿಕೊಂಡು ಹಾಜರು.

"ಏನಪ್ಪಾ ಕರಿಬಸಪ್ಪ, ದಿನಾ ನೋಡೋ ಮುಸುಡಿಗೆ ಕನ್ನಡಿ ಬೇರೆ ಹಿಡೀತೀಯಲ್ಲ" ಅಂದರು.

"ಏನ್ ಮಾಡೋದಮ್ಮ, ರೂಲ್ಸು. ಉಸಿರು ಬಿಡಿ."

ಬಿಟ್ಟರು. ಕನ್ನಡಿ ಹಾಗೇ ಫಳಫಳ ಅನ್ನುತ್ತಿತ್ತು. ಸರ್ ಟೋಪಿ ತೆಗೆದು ಕಂಕುಳಿಗೆ ಸೇರಿಸಿದರು. "ಚನ್ನಬಸಮ್ಮ, ನಿಮ್ಮ ಶಿಫ್ಟ್ ಮುಗೀತಮ್ಮ. ಇನ್ನು ಹೋಗಿ, ಮಲಗಿ."

ಆಕೆ ಕ್ಯಾಂಟೀನಿನ ಕಡೆ ಕತ್ತು ಚಾಚಿ ನೋಡಿದರು. "ಬೇಳೆ ಇಟ್ಟಿಲ್ವಲ್ಲೋ ಇನ್ನೂ."

"ಹುಡುಗೀರು ಇಡ್ತಾರೆ."

"ಆ ಹುಡುಗೀರಿಗೆ ಉಪ್ಪಿನ ಅಂದಾಜೇ ಇಲ್ಲ" ಅಂದುಕೊಂಡು, ಸಾಲಿನಿಂದ ಪಕ್ಕಕ್ಕೆ ಸರಿದು, ಕಾಂಪೌಂಡಿನ ಗುಂಟ ಬೂದಿಕೆರೆಯ ದಾರಿ ಹಿಡಿದು ಹೊರಟುಹೋದರು. ಕುಲುಮೆಯ ಬೂದಿಯನ್ನೆಲ್ಲ ನೀರಿನ ಜೊತೆ ಬಿಡುವ ಕೆರೆ ಅದು. ಆ ದಾರಿಯಲ್ಲಿ ಹೋದವರು ಮತ್ತೆ ಪಾಳಿಗೆ ಬರುವುದಿಲ್ಲ. ಬದುಕಿದ್ದವರು ಆ ಕಡೆ ಹೋಗುವುದಿಲ್ಲ.

"ಅದ್ಹೇಗೆ ಸರ್, ಎದುರು ಮಾತೇ ಆಡದೆ ಹೋಗಿಬಿಡ್ತಾರೆ?" ಅಂತ ಕೇಳಿದೆ.

"ನಂಬಿ ಹೇಳ್ಬೇಕು ವೇದಾ. ಸುಮ್ನೆ ಬಾಯಿಮಾತಿಗೆ ಹೇಳಿದ್ರೆ ಅವರು ಕಾಲು ಕೀಳಲ್ಲ. ಈ ಮನುಷ್ಯಂದು ಮುಗೀತು ಅಂತ ಮೊದಲು ನಿನ್ನೊಳಗೆ ನಿಂಗೆ ಗೊತ್ತಾಗ್ಬೇಕು. ಆಮೇಲೆ ಬಾಯಿ ತೆಗೀಬೇಕು."

ನಾನು ಮನೆಯಲ್ಲಿ ಅಭ್ಯಾಸ ಮಾಡಿದೆ. ಬಾಗಿಲಿಗೆ ಹೇಳಿದೆ, ಬೆಕ್ಕಿಗೆ ಹೇಳಿದೆ, ಪಾತ್ರೆ ತೊಳೆಯುತ್ತಿದ್ದ ಅಮ್ಮನಿಗೂ ಹೇಳಿ ಸೌಟಿನಿಂದ ಏಟು ತಿಂದೆ.

ಆಮೇಲೆ ಬೇಸಿಗೆಯಲ್ಲಿ ಆ ಅನಾಹುತ ಆಯಿತು. ಎರಡನೇ ಪಾಳಿಯಲ್ಲಿ, ಕರಗಿದ ಉಕ್ಕು ತುಂಬಿದ ದೊಡ್ಡ ಬಾನಿ ಕ್ರೇನಿನ ಕೊಕ್ಕೆಯಿಂದ ಕಳಚಿ ಬಿತ್ತು. ಕೆಳಗೆ ಕೆಲಸ ಮಾಡುತ್ತಿದ್ದವರು ಎಲ್ಲಿ ಹೋದರು ಅಂತ ತೋರಿಸಲು ಏನೂ ಉಳಿಯಲಿಲ್ಲ. ಆಡಳಿತದವರು ಹೆಸರು ಹೇಳಲಿಲ್ಲ. ಇಂಥ ಹೊತ್ತಿನಲ್ಲಿ ಅವರು ಹೇಳುವುದೂ ಇಲ್ಲ. ನಮ್ಮೂರಿನಲ್ಲಿ ಅದನ್ನು ಗೇಟೇ ಹೇಳಬೇಕು. ಮರುದಿನ ಮಧ್ಯಾಹ್ನ, ಮನೆಗೆ ಬಾರದವರ ಕಡೆಯವರೆಲ್ಲ ಗೇಟಿನ ಎದುರಿಗೆ, ರಸ್ತೆಯಾಚೆ, ಬಿಸಿಲಲ್ಲಿ ಬಂದು ನಿಂತರು. ಸಾಲಿನಲ್ಲಿ ತಮ್ಮವರು ಕಂಡಾಗ ಯಾರೂ ಕೂಗಲಿಲ್ಲ. ಕನ್ನಡಿ ಏನು ಹೇಳುತ್ತದೋ ಅಂತ ಕಾದರು.

ಅಂದು ಪೊಲೀಸರು, ಇನ್ಸ್‌ಪೆಕ್ಟರುಗಳು, ಕ್ರೇನಿನ ಕಂಪನಿಯವರು ಅಂತ ಕಾರುಗಳ ಮೇಲೆ ಕಾರು. ಕರಿಬಸಪ್ಪ ಸರ್ ಒಂದೊಂದರ ಅಡಿಗೂ ಕನ್ನಡಿ ತೂರಿಸಿ ನೋಡುತ್ತಲೇ ಇದ್ದರು, ಕನ್ನಡಿ ಕಾದ ಡಾಂಬರಿನ ಮೇಲೆ ಹೋಗಿ ಬರುತ್ತಲೇ ಇತ್ತು. ನಡುನಡುವೆ ಓಡಿ ಬಂದು ಸಾಲು ನೋಡಿದರು. ಮೊದಲು ಚೌಡಪ್ಪ. ಆಮೇಲೆ ಬಾನಿಯ ಕೆಳಗಿದ್ದ ಇನ್ನೂ ಮೂವರು. ಪ್ರತಿಯೊಬ್ಬರಿಗೂ ಟೋಪಿ ತೆಗೆದು ಆ ಮಾತು ಹೇಳಿದರು. ರಸ್ತೆಯಾಚೆ ಒಂದೊಂದೇ ಕಡೆಯಿಂದ ಅಳು ಎದ್ದಿತು. ಅಷ್ಟರಲ್ಲಿ ಮತ್ತೊಂದು ಜೀಪು ಬಂತು, ಅದರಡಿಗೂ ಕನ್ನಡಿ ಹೋಯಿತು, ವಾಪಸ್ ಬಂದವರೇ ಅದನ್ನೇ ಸಾಲಿನಲ್ಲಿದ್ದ ಹನುಮೋಜಿಯ ಮುಖಕ್ಕೆ ಹಿಡಿದರು.

ಹನುಮೋಜಿ ಫಿಟ್ಟರ್ ಕೆಲಸದವನು. ಆ ನಾಲ್ವರ ಗುಂಪಿನವನೇ. ಮೈಯೆಲ್ಲ ಮಸಿ, ಹುಬ್ಬು ಸುಟ್ಟಿತ್ತು. ರಾತ್ರಿ ಮನೆಗೂ ಹೋಗಿರಲಿಲ್ಲ. ಅವನ ಹೆಂಡತಿ ರೇಣುಕಾಬಾಯಿ ರಸ್ತೆಯಾಚೆ ಕಂಬ ಹಿಡಿದುಕೊಂಡು ನಿಂತಿದ್ದಳು. ಅವನು ಉಸಿರು ಬಿಟ್ಟ. ಕನ್ನಡಿಯಲ್ಲಿ ಏನೂ ಇಲ್ಲ.

"ಹನುಮೋಜಿ, ನಿಮ್ಮ ಶಿಫ್ಟ್ ಮುಗೀತು. ಇನ್ನು ಹೋಗಿ, ಮಲಗಿ."

"ಹೌದಾ ಸಾರ್? ನಂಗೂ ಹಂಗೇ ಅನ್ನಿಸ್ತಿತ್ತು" ಅಂದ ಅವನು, ಮುಂದೆ ಹೋಗುತ್ತಿದ್ದ ನಾಲ್ವರ ಹಿಂದೆ ತಲೆ ತಗ್ಗಿಸಿ ನಡೆದ. ರೇಣುಕಾಬಾಯಿ ಕಂಬದ ಬುಡದಲ್ಲಿ ಕೂತುಬಿಟ್ಟಳು.

ಸರ್ ಹಣೆ ಒರೆಸಿಕೊಳ್ಳಲು ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಗಾಜಿಗೆ ತಾಗಿದ ಅಂಗೈ ಚುರ್ ಅಂದಿತು.

"ಸರ್, ಇದು ಕಾದ ಹೆಂಚಾಗಿದೆ! ಇದ್ರಲ್ಲಿ ಯಾರು ಉಸಿರು ಬಿಟ್ರೂ ಮಂಜು ಎಲ್ಲಿ ಕಟ್ಟುತ್ತೆ?"

ಅವರು ಬೆರಳಿನಿಂದ ಮುಟ್ಟಿ ನೋಡಿದರು. ಮುಖದ ಬಣ್ಣ ಇಳಿಯಿತು. "ಓಡು. ಕೂಗಬೇಡ. ಕೂಗಿದ್ರೆ ಆ ನಾಲ್ವರೂ ತಿರುಗ್ತಾರೆ. ಮೆಲ್ಲಗೆ ಕೈ ಹಿಡ್ಕೊಂಡು ಕರ್ಕೊಂಬಾ."

ಓಡಿದೆ. ಬೂದಿಕೆರೆಗೆ ಇನ್ನೂ ದೂರವಿರುವಾಗಲೇ ಸಿಕ್ಕಿದ. ಕೈ ಹಿಡಿದೆ, ಬೆವರಿನಿಂದ ಜಾರಿತು. ಸತ್ತವರು ಬೆವರುವುದಿಲ್ಲ ಮಾರಾಯರೇ!

"ಹನುಮೋಜಿಯಣ್ಣ, ನೀನು ಸತ್ತಿಲ್ಲ. ಬಾ."

"ಸಾಹೇಬ್ರೇ ಹೇಳಿದ್ಮೇಲೆ ಮುಗೀತಲ್ಲಮ್ಮ."

"ಬಾಯಾರಿಕೆ ಆಗ್ತಿದೆಯೋ ಇಲ್ವೋ?"

"ಆಗ್ತಿದೆ. ಸತ್ತೋರಿಗೆ ಆಗಲ್ಲ ಅಂತ ನಿಂಗೆ ಯಾರು ಹೇಳಿದ್ರು?"

ಚಿವುಟಿದೆ. ನೋವಾಯಿತು ಅಂತ ಒಪ್ಪಿಕೊಂಡ, ಆದರೆ ನಡೆಯುವುದನ್ನು ನಿಲ್ಲಿಸಲಿಲ್ಲ. ಬಾನಿ ಬಿದ್ದಾಗ ಚೌಡಪ್ಪನ ಪಕ್ಕದಲ್ಲೇ ಇದ್ದೆ, ಅವನು ಹೋದ ಮೇಲೆ ನಾನು ಉಳಿದದ್ದು ಹೇಗೆ, ರಾತ್ರಿಯೆಲ್ಲ ಗೇಟಿನಾಚೆ ಪೈಪಿನ ರಾಶಿಯ ಹಿಂದೆ ಕೂತು ಇದನ್ನೇ ಯೋಚಿಸುತ್ತಿದ್ದೆ ಅಂದ. ಬೂದಿಯ ಬಿಳಿ ದಂಡೆ ಕಾಣುತ್ತಿತ್ತು. ನಾಲ್ವರಲ್ಲಿ ಮುಂದಿದ್ದವನು ಆಗಲೇ ಇಳಿಜಾರಿಗೆ ಬಂದಿದ್ದ. ಹಿಂದಿನಿಂದ ಬೂಟಿನ ಸದ್ದು ಕೇಳಿಸಿತು. ಕರಿಬಸಪ್ಪ ಸರ್ ಏದುಸಿರು ಬಿಡುತ್ತ ಬಂದರು. ಹನುಮೋಜಿಯನ್ನು ನೋಡಿದರು, ಆ ನಾಲ್ವರ ಬೆನ್ನುಗಳನ್ನು ನೋಡಿದರು. ಟೋಪಿ ತೆಗೆದರು.

"ಹನುಮೋಜಿ. ತಪ್ಪು ನಂದು. ಕನ್ನಡಿ ಕಾದಿತ್ತು. ನೀನು ಬದುಕಿದ್ದೀಯ."

ಮೆಲ್ಲಗೇ ಹೇಳಿದರು. ಆದರೆ ಅದೂ ನಂಬಿ ಹೇಳಿದ ಮಾತು. ಹನುಮೋಜಿ ನಿಂತ, ತಿರುಗಿದ, ಕೆಳಗೆ ಕುಕ್ಕರಿಸಿ ಗಳಗಳ ಅತ್ತ. ಮುಂದೆ ನಡೆಯುತ್ತಿದ್ದ ಆ ನಾಲ್ವರೂ ನಿಂತರು. ನಾಲ್ವರೂ ತಿರುಗಿದರು. ಚೌಡಪ್ಪ ವಿನಯವಾಗಿಯೇ ಹೇಳಿದ: "ಹಾಗಾದ್ರೆ ನಮ್ದೂ ಇನ್ನೊಂದ್ಸಲ ನೋಡಿಬಿಡಿ ಸಾರ್."

ನೋಡಿದೆವು. ಗೇಟಿಗೆ ವಾಪಸ್ ಕರೆತಂದು, ಮಡಕೆಯ ಮೇಲಿಟ್ಟು ತಣ್ಣಗೆ ಮಾಡಿದ ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದೆವು. ಮಂಜಿಲ್ಲ. ಸರ್ ಮತ್ತೆ ಆ ಮಾತು ಹೇಳಿದರು. "ಕನ್ನಡಿ ಇನ್ನೂ ಬಿಸಿ ಇರ್ಬೇಕು ಸಾರ್" ಅಂದ ಚೌಡಪ್ಪ, ಉಳಿದವರು ಹೌದು ಹೌದು ಅಂದರು, ಸಾಲಾಗಿ ಒಳಗೆ ಹೋದರು. ತಡೆದ ಗಾರ್ಡುಗಳ ನಡುವೆ ದಾರಿ ಮಾಡಿಕೊಂಡು ಹೋದರು, ನೂಕಲೂ ಇಲ್ಲ. ರಸ್ತೆಯಾಚೆ ಚೌಡಪ್ಪನ ತಾಯಿ ಎದ್ದು ನಿಂತು, "ನನ್ ಮಗನೂ ಬದುಕಿದಾನೇನ್ರೋ?" ಅಂತ ಎಲ್ಲರನ್ನೂ ಕೇಳುತ್ತಿದ್ದಳು. ಪಕ್ಕದಲ್ಲೇ ರೇಣುಕಾಬಾಯಿ ಗಂಡನ ಸುಟ್ಟ ಹುಬ್ಬು ಸವರುತ್ತ ನಗುತ್ತಿದ್ದಳು. ಆ ಎರಡನ್ನೂ ಒಟ್ಟಿಗೆ ನೋಡಲು ನನ್ನಿಂದ ಆಗಲಿಲ್ಲ.

ಸರ್ ಅವರನ್ನು ಕೆಲಸದಿಂದ ಬಿಡಿಸಿ ಅಂದೇ ಮನೆಗೆ ಕಳಿಸಿದರು. ನನ್ನನ್ನು ಜಿಎಂ ಸಾಹೇಬರು ಕರೆಸಿ, ಕುರ್ಚಿ ತೋರಿಸಿ, ಸದ್ಯಕ್ಕೆ ನೀನೇ ಕೂತುಕೋ ಅಂದರು. ಆ ನಾಲ್ವರ ಬಗ್ಗೆ ಕೇಳಿದೆ.

"ಕೆಲಸ ಮಾಡ್ತಿದಾರೆ ತಾನೇ? ಗಲಾಟೆ ಇಲ್ಲ ತಾನೇ? ಮತ್ತೇನಮ್ಮ ನಿನ್ ಪ್ರಾಬ್ಲಮ್ಮು?" ಅಂದರು.

ಆಸೆಪಟ್ಟ ಕುರ್ಚಿ. ಅದರಲ್ಲಿ ಕೂತು ನಾನು ನೋಡಿದ್ದು ಇದು: ಬದುಕಿದ್ದವರು ಹೋಗಲಾಗದಷ್ಟು ಕಾದ ಕುಲುಮೆಯ ಒಳಗೋಡೆ ಕೆರೆಯಲು ಆ ನಾಲ್ವರನ್ನು ಬಿಟ್ಟರು. ಅವರಿಗೆ ನೋವಿಲ್ಲ. ನೋವಿಲ್ಲವಾದ್ದರಿಂದ ಕೈ ಸವೆಯುವುದೂ ಗೊತ್ತಾಗುತ್ತಿರಲಿಲ್ಲ. ಚೌಡಪ್ಪನ ಬಲಗೈಯ ಬೆರಳುಗಳು ಮೊದಲು ಹೋದವು. ಅವನು ಸಲಿಕೆಯನ್ನು ಮೊಣಕೈಗೆ ಕಟ್ಟಿಸಿಕೊಂಡ. ಪಾಳಿ ಮುಗಿದ ಮೇಲೆ ನಾಲ್ವರೂ ಸೈಕಲ್ ಸ್ಟ್ಯಾಂಡಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು, ಮುಂದಿನ ಪಾಳಿಯವರೆಗೆ. ಅವನ ತಾಯಿ ದಿನಾ ಊಟದ ಕ್ಯಾರಿಯರ್ ತರುತ್ತಿದ್ದಳು. ಅವನು ಇಸಿದುಕೊಂಡು, ತೆರೆಯದೆ, ಸಂಜೆ ವಾಪಸ್ ಕೊಡುತ್ತಿದ್ದ. "ಊಟ ಚೆನ್ನಾಗಿತ್ತವ್ವ" ಅನ್ನುತ್ತಿದ್ದ. ಅವಳು ತಿಥಿ ಮಾಡುವ ಹಾಗಿಲ್ಲ, ಮಗನನ್ನು ಮನೆಗೆ ಕರೆದುಕೊಂಡು ಹೋಗುವ ಹಾಗಿಲ್ಲ. ನಾನು ದಿನಾ ಅವರಿಗೆ ಆ ಮಾತು ಹೇಳಿದೆ. ಗಂಟಲು ಕಟ್ಟುವ ಹಾಗೆ ಹೇಳಿದೆ. "ಹನುಮೋಜಿಗೂ ಹಂಗೇ ಅಂದಿದ್ರಲ್ಲ ಮೇಡಂ" ಅಂತ ನಕ್ಕು ಒಳಗೆ ಹೋಗುತ್ತಿದ್ದರು.

ಕರಿಬಸಪ್ಪ ಸರ್ ಮನೆಗೆ ಹೋದೆ. ಜಗಲಿಯಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ನೋಡಿದರೆ ಎಲ್ಲೋ ನೋಡಿದ ಯಾರೋ ಅನ್ನಿಸುವಷ್ಟು ಇಳಿದುಹೋಗಿದ್ದರು.

"ಅವರು ನನ್ ಮಾತಿಗೂ ಹೋಗಲ್ಲ, ನಿನ್ ಮಾತಿಗೂ ಹೋಗಲ್ಲ" ಅಂದರು. "ಹನುಮೋಜಿ ತಿರುಗಿದ ಅಂತ ತಿರುಗಿದ್ರು. ಅವನು ಹೋದ್ರೆ ಹೋಗ್ತಾರೆ."

"ಅವನು ಬದುಕಿದಾನೆ ಸರ್!"

"ನಂಗೊತ್ತಿಲ್ವಾ? ನಾನೇ ಅಲ್ವಾ ಕರೆದಿದ್ದು?" ಬನಿಯನ್ನಿನ ಅಂಚಿನಿಂದ ಮುಖ ಒರೆಸಿಕೊಂಡು, "ಇನ್ನೊಂದು ಸಲ ಆ ಜಾಗದಲ್ಲಿದ್ರೂ ಕರೀತೀನಿ" ಅಂದರು.

ನಾನು ಹನುಮೋಜಿಯನ್ನು ಕೇಳಬೇಕೋ ಬೇಡವೋ ಅಂತ ಒದ್ದಾಡುತ್ತಿರುವಾಗಲೇ ಚೌಡಪ್ಪನ ತಾಯಿ ಅವನ ಮನೆಗೆ ಹೋಗಿ ಕಾಲು ಹಿಡಿದಿದ್ದಳಂತೆ. ಸಂಜೆ ಗಂಡಹೆಂಡಿರಿಬ್ಬರೂ ಗಾರ್ಡ್ ರೂಮಿಗೆ ಬಂದರು. ಅವನು ಅಷ್ಟು ದಿನದಿಂದ ಆ ಕುಲುಮೆಯ ಬಾಯಿಯ ಹೊರಗೆ, ಆ ನಾಲ್ವರ ಕಣ್ಣೆದುರೇ ಕೆಲಸ ಮಾಡುತ್ತಿದ್ದ. "ಚೌಡಂಗೆ ಈಗ ಎಡಗೈನೂ ಇಲ್ಲ ವೇದಮ್ಮ. ಬೀಡಿ ಕೊಡೋ ಅಂತಾನೆ, ಎಲ್ಲಿಗೆ ಇಡ್ಲಿ?" ಅಂದ.

ರೇಣುಕಾಬಾಯಿ ಎಲ್ಲವನ್ನೂ ಆಗಲೇ ಲೆಕ್ಕ ಹಾಕಿಕೊಂಡು ಬಂದಿದ್ದಳು. ಅವನು ಮುಂದೆ ನಡೆಯಬೇಕು, ನಾಲ್ವರು ಹಿಂದೆ ಬರುತ್ತಾರೆ. ಕೆರೆಯಲ್ಲಿ ಅವರು ಇಳಿಯಲಿ, ಇವನು ದಂಡೆ ಬಳಸಿಕೊಂಡು ಆಚೆ ಬದಿಗೆ ದಾಟಲಿ. ಅವಳು ಗಂಟುಮೂಟೆ ಕಟ್ಟಿಕೊಂಡು ಬಸ್ಸಿನಲ್ಲಿ ಮುಂದಿನ ಊರಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತಾಳೆ. ಅವನು ಮತ್ತೆ ಕಂಡರೆ ನಾಲ್ವರೂ ತಿರುಗಿ ಬಂದಾರು, ಹಾಗಾಗಿ ಈ ಊರಿಗೆ ಇಬ್ಬರೂ ಮತ್ತೆ ಕಾಲಿಡುವ ಹಾಗಿಲ್ಲ. "ಹೋಗ್ಲಿ ಬಿಡು, ಈ ಊರಲ್ಲಿ ಮಸಿ ಒರೆಸಿ ಒರೆಸಿ ಸಾಕಾಗಿದೆ" ಅಂದಳು.

"ಆ ಕಡೆ ದಾರಿ ಇದೆಯಾ ರೇಣುಕಕ್ಕ?"

"ಕೆರೆ ಅಂದ್ಮೇಲೆ ಆಚೆ ದಡ ಇರಲ್ವಾ?"

ಮರುದಿನ ಮಧ್ಯಾಹ್ನ ನಾನು ಬೇಕೆಂದೇ ಕನ್ನಡಿಯನ್ನು ಬಿಸಿಲಿಗಿಟ್ಟೆ. ಸಾಲಿನಲ್ಲಿ ಹನುಮೋಜಿ ಮುಂದೆ, ಅವನ ಹಿಂದೆ ಆ ನಾಲ್ವರು, ಹಾಗೆ ನಿಲ್ಲಿಸಿದೆ. ಹನುಮೋಜಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ. ನಾನು ನಗಲಿಲ್ಲ. ನಾಟಕ ಆಡಿದರೆ ಚೌಡಪ್ಪನಿಗೆ ಗೊತ್ತಾಗಿಬಿಡುತ್ತದೆ, ಅವನು ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಹಾಗಾಗಿ ನಾನು ಹನುಮೋಜಿಯನ್ನು ನೋಡುತ್ತ ಒಳಗೊಳಗೇ ನಂಬತೊಡಗಿದೆ. ಬಾನಿ ಬಿದ್ದಾಗ ಇವನು ಇನ್ನೂ ಒಂದು ಹೆಜ್ಜೆ ಒಳಗೆ, ಅದರ ಅಡಿಗೇ ಇದ್ದ. ಇವನ ಹುಬ್ಬು ಸುಡಲಿಲ್ಲ, ಇವನೇ ಸುಟ್ಟ. ಇವನದು ಆವತ್ತೇ ಮುಗಿದಿತ್ತು. ಒಂದು ಗಳಿಗೆಯಲ್ಲಿ, ನಿಜ ಹೇಳುತ್ತೇನೆ, ನನಗೆ ಅದು ಗೊತ್ತಾಯಿತು. ಟೋಪಿ ತೆಗೆದೆ. ಕನ್ನಡಿ ಹಿಡಿದೆ.

"ಹನುಮೋಜಿ, ನಿಮ್ಮ ಶಿಫ್ಟ್ ಮುಗೀತು. ಇನ್ನು ಹೋಗಿ, ಮಲಗಿ."

ಅಷ್ಟು ಚೆನ್ನಾಗಿ ಆ ಮಾತನ್ನು ಕರಿಬಸಪ್ಪ ಸರ್ ಕೂಡ ಹೇಳಿರಲಿಲ್ಲ. ಹನುಮೋಜಿಯ ಮುಖದಲ್ಲಿದ್ದ ತುಂಟತನ ಇಳಿದುಹೋಯಿತು. "ಹೌದು" ಅಂದ, ಅಷ್ಟೇ. ಹೊರಟ. ಚೌಡಪ್ಪ ನನ್ನ ಹತ್ತಿರ ಬಂದು, ಕನ್ನಡಿಯನ್ನು ನೋಡಲೂ ಇಲ್ಲ. "ಹಾಗಾದ್ರೆ ನಮ್ದೂ ಮುಗೀತು ಅನ್ನಿ" ಅಂದ. ನಾಲ್ವರೂ ಅವನ ಹಿಂದೆ ನಡೆದರು. ರಸ್ತೆಯಾಚೆ ಚೌಡಪ್ಪನ ತಾಯಿ ಕ್ಯಾರಿಯರ್ ಎದೆಗೊತ್ತಿಕೊಂಡು, ಕೊನೆಗೂ ಬಾಯಿಬಿಟ್ಟು ಅತ್ತಳು. ಐವರೂ ಕಾಂಪೌಂಡಿನ ತಿರುವಿನಲ್ಲಿ ಮರೆಯಾದರು. ಗೆದ್ದೆ ಅನ್ನಿಸಿತು ನನಗೆ. ಜಿಎಂ ಸಾಹೇಬರು ಕರೆಸಿ ಕೂಗಾಡಿದರು. ನನಗೆ ಕಿವಿಯೇ ಕೇಳಿಸಲಿಲ್ಲ.

ಅದರ ಮಾರನೆಯ ಸಂಜೆ ಬಸ್ಸಿಳಿದು ರೇಣುಕಾಬಾಯಿ ಗೇಟಿಗೆ ಬಂದಳು. ಎರಡು ಗಂಟುಗಳೂ ಕೈಯಲ್ಲಿದ್ದವು.

"ಬರ್ಲಿಲ್ಲ ಕಣಮ್ಮ. ಬಸ್‌ಸ್ಟ್ಯಾಂಡಲ್ಲೇ ಮಲ್ಗಿದ್ದೆ. ಬೆಳಿಗ್ಗೆ ಕೆರೆ ಆಚೆ ದಡಕ್ಕೂ ಹೋಗಿ ನಿಂತ್ಕೊಂಡೆ. ಬರೀ ಬೂದಿ."

"ದಾರಿ ತಪ್ಪಿರ್ಬೇಕು ರೇಣುಕಕ್ಕ. ನಾಳೆ ಬರ್ತಾನೆ" ಅಂದೆ. ನನ್ನ ಮಾತಿನಲ್ಲಿ ನನಗೇ ನಂಬಿಕೆ ಇರಲಿಲ್ಲ, ಅವಳಿಗದು ಕೇಳಿಸಿತು.

"ನೀನು ನಮ್ಮನೆಯವ್ರಿಗೆ ಏನಂತ ಹೇಳ್ದೆ?"

"ಎಲ್ರಿಗೂ ಹೇಳೋದನ್ನೇ ಹೇಳ್ದೆ."

"ಎಲ್ರಿಗೂ ಹೇಳೋ ಹಾಗೇ ಹೇಳ್ದಾ? ಇಲ್ಲಾ, ಸುಮ್ನೆ ಹೇಳ್ದಾ?"

ಸುಳ್ಳು ಹೇಳಬಹುದಿತ್ತು. "ಎಲ್ರಿಗೂ ಹೇಳೋ ಹಾಗೇ" ಅಂದೆ.

ಅವಳು ಗಂಟುಗಳನ್ನು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ.

"ಹಾಗಾದ್ರೆ ಬರಲ್ಲ ಬಿಡು" ಅಂದಳು. ಅಲ್ಲೇ ಗೇಟಿನ ಮುಂದೆ, ಪಾಳಿಗೆ ಹೋಗುವವರೆಲ್ಲ ನೋಡುತ್ತಿರುವಾಗಲೇ, ಕೈಬಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.